ಬೆಂಗಳೂರು ತಂಡದ ವಿಕ್ರಯವೂ ಮೂಲಗೇಣಿಯ ನ್ಯಾಯವೂ

ಸಾಲಕ್ಕೆ ಸಿಕ್ಕಿ ಏಲಮಿಗೆ ಬಂದ ಅಡಕೆತೋಟವು ಅರ್ಧ ಕ್ರಯಕ್ಕೆ ಹೋದರೆ ಅದೇ ದೊಡ್ಡದೆಂಬುದು ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮಹಾಜನರಿಗೆ ನಾವು ಹೇಳಿಕೊಡಬೇಕಾದ ಸಂಗತಿಯಲ್ಲ. ಸಂಪಾಜೆ, ಅರಂತೋಡುಗಳ ಕಡೆಯಲ್ಲಿ ಹಳದಿ ಎಲೆಯ ರೋಗ ತಗಲಿ ತಲೆಮಾರುಗಳ ತೋಟ ಸೊರಗಿದ ಮೇಲೆ ಅದನ್ನು ಮಾರಲು ಹೊರಟವರ ಅನುಭವವೂ ಇದೇ. ಮಾರುವವನ ಗರಜು ಕೊಳ್ಳುವವನಿಗೆ ತಿಳಿದಷ್ಟೂ ಬೆಲೆ ಇಳಿಯುತ್ತದೆ. ಜಫ್ತಿಯ ಕಾಗದಗಳಿಗೆ ರುಜು ಹಾಕಿ ಕೈನೊಂದ ಅಧಿಕಾರಿಗಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಹೀಗಿರಲು, ಒಡೆಯನನ್ನು ಕುತ್ತಿಗೆ ಹಿಡಿದು ಹೊರಡಿಸಿದರೂ ವಸ್ತುವಿನ ಬೆಲೆ ಇಳಿಯದೆ ಆಕಾಶಕ್ಕೇರುವ ಒಂದು ವಿಚಿತ್ರವಾದ ಪೇಟೆಯು ನಮ್ಮ ಕಾಲದಲ್ಲಿ ಹುಟ್ಟಿಕೊಂಡಿರುವುದನ್ನು ಕುರಿತು ನಾಲ್ಕು ಮಾತು ಆಡುವುದು ಅಪ್ರಕೃತವಾಗದು. ಅದು ಆಟದ ತಂಡಗಳ ಪೇಟೆ.

ಅಮೇರಿಕೆಯ ಲಾಸ್ ಏಂಜಲಿಸ್ ನಗರದ ಕ್ಲಿಪ್ಪರ್ಸ್ ಎಂಬ ಬಾಸ್ಕೆಟ್‌ಬಾಲ್ ತಂಡವನ್ನು ಡೊನಾಲ್ಡ್ ಸ್ಟರ್ಲಿಂಗ್ ಎಂಬಾತನು ೧೯೮೧ರಲ್ಲಿ ೧ ಕೋಟಿ ೨೫ ಲಕ್ಷ ಡಾಲರುಗಳಿಗೆ ಕೊಂಡಿದ್ದನು. ೨೦೧೪ರಲ್ಲಿ ಆತನು ಕರಿಯ ಜನರನ್ನು ಕುರಿತು ಆಡಿದ ಹೇಯವಾದ ಮಾತುಗಳು ಬಯಲಾಗಿ, ಕೂಟದ ಆಡಳಿತವು ಆತನನ್ನು ಜನ್ಮಪರ್ಯಂತ ಬಹಿಷ್ಕರಿಸಿತು. ತಂಡವು ೨೦೦ ಕೋಟಿ ಡಾಲರುಗಳಿಗೆ ಸ್ಟೀವ್ ಬಾಲ್ಮರ್ ಎಂಬ ಧನಿಕನ ಕೈಸೇರಿತು. ಶಿಕ್ಷೆಯೆಂದು ಲೋಕವು ಕರೆದದ್ದು ಒಂದಕ್ಕೆ ನೂರರುವತ್ತಾಗಿ ಸ್ಟರ್ಲಿಂಗ್ ಕುಟುಂಬದ ಖಜಾನೆಗೆ ಬಂದಿತು! ೨೦೨೨ರಲ್ಲಿ ರಶ್ಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಇಂಗ್ಲೆಂಡಿನ ಸರಕಾರವು ಅಬ್ರಮೋವಿಚ್ ಎಂಬ ರಶ್ಯದ ಸಿರಿವಂತನ ಆಸ್ತಿಗೆ ತಡೆಹಾಕಿತು. ಆತನು ೨೦೦೩ರಲ್ಲಿ ಸುಮಾರು ೧೪ ಕೋಟಿ ಪೌಂಡುಗಳಿಗೆ ಕೊಂಡಿದ್ದ ಚೆಲ್ಸೀ ಕಾಲ್ಚೆಂಡಿನ ತಂಡವು ೨೫೦ ಕೋಟಿ ಪೌಂಡುಗಳಿಗೆ ಮಾರಿಹೋಯಿತು. ಅಲ್ಲಿ ಹಣವನ್ನು ತಡೆಹಿಡಿದು ಯುದ್ಧಪೀಡಿತರಿಗೆ ಮುಡಿಪೆಂದು ಸಾರಿದರೆಂಬುದಷ್ಟೇ ಭೇದ.

ದೂರದ ಈ ಕಥೆಗಳನ್ನು ಬಿಟ್ಟು ನಮ್ಮ ಮನೆಯ ಕಥೆಗೆ ಬರೋಣ. ೨೦೦೮ರ ಜನವರಿ ೨೪ರಂದು ಮುಂಬಯಿಯಲ್ಲಿ ಎಂಟು ನಗರಗಳ ಹೆಸರಿನಲ್ಲಿ ಕ್ರಿಕೆಟ್ ತಂಡಗಳನ್ನು ಏಲಂ ಹಾಕಿದಾಗ, ಬೆಂಗಳೂರಿನ ಹೆಸರನ್ನು ಶ್ರೀ ವಿಜಯ ಮಲ್ಯರ ಕಂಪೆನಿಯು ೧೧ ಕೋಟಿ ೧೬ ಲಕ್ಷ ಡಾಲರುಗಳಿಗೆ ಕೂಗಿ ಪಡೆಯಿತು. ಅಂದಿನ ವಿನಿಮಯದಂತೆ ಅದು ಸುಮಾರು ೪೫೦ ಕೋಟಿ ರೂಪಾಯಿ. ಅದೂ ಹತ್ತು ವರ್ಷಗಳ ಕಂತಿನಲ್ಲಿ ಸಲ್ಲತಕ್ಕದ್ದು. ಊರಿನ ಹೆಸರಿಗೆ ಮುಂದಾಗಿ ಒಂದು ವಿಸ್ಕಿಯ ಹೆಸರು ಸೇರಿತು. ಮದ್ಯದ ಜಾಹೀರಾತನ್ನು ಕಾನೂನು ಬಿಡದಿರುವ ದೇಶದಲ್ಲಿ ಹನ್ನೊಂದು ಮಂದಿ ತರುಣರು ಆ ಜಾಹೀರಾತನ್ನು ಎದೆಯ ಮೇಲೆ ಧರಿಸಿ ಓಡಾಡುವ ಉಪಾಯವನ್ನು ಕಂಡುಹಿಡಿದವರ ಜಾಣ್ಮೆಯನ್ನು ಮೆಚ್ಚಲೇಬೇಕು. ೨೦೨೫ರ ಮಾರ್ಚಿಯಲ್ಲಿ ಕೇಂದ್ರದ ಆರೋಗ್ಯ ಇಲಾಖೆಯು ಇಂತಹ ಮರೆಮಾಚಿದ ಜಾಹೀರಾತುಗಳನ್ನು ನಿಲ್ಲಿಸಿರೆಂದು ಕೂಟದ ಆಡಳಿತಕ್ಕೆ ಪತ್ರ ಬರೆಯಬೇಕಾಯಿತು.

ಮಲ್ಯರ ಮನೆತನವು ಬಂಟ್ವಾಳದ್ದು. ಪುತ್ತೂರಿನಿಂದ ಒಂದು ಗಳಿಗೆಯ ದಾರಿ. ಅವರ ವಿಮಾನಗಳು ೨೦೧೨ರ ಅಕ್ತೋಬರದಲ್ಲಿ ನೆಲಕಚ್ಚಿದವು. ಹದಿನೇಳು ಬ್ಯಾಂಕುಗಳ ಸಾಲವು ಬಡ್ಡಿ ಸೇರಿ ೯,೦೦೦ ಕೋಟಿಗೆ ಬೆಳೆಯಿತು. ಆ ಬ್ಯಾಂಕುಗಳಲ್ಲಿ ಕಾರ್ಪೊರೇಶನ್ ಬ್ಯಾಂಕೂ ಒಂದು. ೧೯೦೬ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಹುಟ್ಟುಹಾಕಿ, ಈ ಜಿಲ್ಲೆಯ ಅಂಗಡಿಕಾರರೂ ಕೃಷಿಕರೂ ಶಾಲಾಮಾಸ್ತರರೂ ಕಾಸು ಕಾಸು ಕೂಡಿಸಿ ಬೆಳೆಸಿದ ಬ್ಯಾಂಕು ಅದು. ೨೦೨೦ರಲ್ಲಿ ಅದರ ಹೆಸರೇ ಅಳಿದು ಬೇರೊಂದರಲ್ಲಿ ಲೀನವಾಯಿತು. ಮೈಸೂರು ಬ್ಯಾಂಕೂ ಸಾಲಗಾರರ ಆ ಸಾಲಿನಲ್ಲಿತ್ತು. ಆದುದರಿಂದ ಈ ವ್ಯವಹಾರದಲ್ಲಿ ನಮ್ಮ ಊರುಗಳ ಪಾಲೇನು ಎಂದು ಕೇಳುವವರಿಗೆ, ಪಾಲು ಮೊದಲಿನಿಂದಲೇ ಇತ್ತೆಂದು ಉತ್ತರ ಹೇಳಬೇಕಾಗುತ್ತದೆ.

ಮಲ್ಯರು ತಮ್ಮ ಮದ್ಯದ ಕಂಪೆನಿಯನ್ನು ಇಂಗ್ಲೆಂಡಿನ ಡಿಯಾಜಿಯೊ ಸಂಸ್ಥೆಗೆ ಒಪ್ಪಿಸುವ ಕರಾರನ್ನು ೨೦೧೨ರ ನವೆಂಬರದಲ್ಲಿ ಮಾಡಿಕೊಂಡರು. ೨೦೧೪ರ ಹೊತ್ತಿಗೆ ಅರ್ಧಕ್ಕೆ ಮಿಕ್ಕ ಪಾಲು ಪರಹಸ್ತವಾಯಿತು. ೨೦೧೬ರ ಫೆಬ್ರವರಿಯಲ್ಲಿ ಅವರು ೭ ಕೋಟಿ ೫೦ ಲಕ್ಷ ಡಾಲರುಗಳ ಒಡಂಬಡಿಕೆಯ ಮೇಲೆ ಅಧ್ಯಕ್ಷಪದವಿಯನ್ನು ತ್ಯಜಿಸಿದರು, ಮಾರ್ಚಿ ೨ರಂದು ದೇಶವನ್ನೂ ತ್ಯಜಿಸಿದರು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ತಂಡಕ್ಕೆಂದು ಪ್ರತ್ಯೇಕವಾದ ಏಲಂ ನಡೆಯಲೇ ಇಲ್ಲ. ಮನೆಯನ್ನು ಕೊಂಡವನಿಗೆ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯೂ ಸೇರುವಂತೆ, ಕಂಪೆನಿಯ ಉಗ್ರಾಣದ ಸಾಮಾನಿನೊಡನೆ ಬೆಂಗಳೂರು ತಂಡವೂ ಲಂಡನ್ನಿನ ಲೆಕ್ಕದ ಪುಸ್ತಕಕ್ಕೆ ಏರಿತು. ಕನ್ನಡಿಗರಿಗೆ ಅದು ಗೊತ್ತಾದುದೂ ನಿಧಾನವಾಗಿಯೇ.

ಇಂತಹ ಬಲವಂತದ ಮಾರಾಟಗಳೆಲ್ಲ ಒಂದೇ ತೆರನಾಗಿ ಮುಗಿಯುವುದಿಲ್ಲವೆಂಬುದನ್ನೂ ಹೇಳಬೇಕು. ಮಲ್ಯರಿಗೆ ಮೋಟಾರು ಪಂದ್ಯದ ಫೋರ್ಸ್ ಇಂಡಿಯಾ ಎಂಬ ಇನ್ನೊಂದು ತಂಡವಿತ್ತು. ೨೦೧೮ರ ಜುಲಾಯಿಯಲ್ಲಿ ಅದರ ಸವಾರನೇ ತನಗೆ ಬರಬೇಕಾದ ಬಾಕಿಗಾಗಿ ಲಂಡನ್ನಿನ ನ್ಯಾಯಾಲಯದ ಬಾಗಿಲು ತಟ್ಟಿದನು. ಸುಮಾರು ೪೦೦ ಮಂದಿ ಕೆಲಸಗಾರರ ಅನ್ನಕ್ಕೆ ಸಂಚಕಾರ ಬಂದಿತ್ತು. ನ್ಯಾಯಾಲಯ ನೇಮಿಸಿದವರು ಕೆಲವೇ ವಾರಗಳಲ್ಲಿ ಅದನ್ನು ಲಾರೆನ್ಸ್ ಸ್ಟ್ರೋಲ್ ಎಂಬವರ ಕೂಟಕ್ಕೆ ೯ ಕೋಟಿ ಪೌಂಡುಗಳಿಗೆ ಕೊಟ್ಟುಬಿಟ್ಟರು. ಕೊಂಡವರು ಹಳೆಯ ಕಂಪೆನಿಯನ್ನು ಕೊಳ್ಳದೆ ಅದರ ಆಸ್ತಿಯನ್ನು ಮಾತ್ರ ಕೊಂಡುದರಿಂದ, ಆ ವರ್ಷ ತಂಡವು ಗಳಿಸಿದ್ದ ಅಂಕಗಳೆಲ್ಲ ಅಳಿಸಿಹೋಗಿ ಸೊನ್ನೆಯಿಂದ ಎಣಿಕೆ ಆರಂಭವಾಯಿತು. ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ತಂಡದ ಗತಿಯು ಇನ್ನೂ ಕರುಣಾಜನಕ. ೨೦೦೯ರಲ್ಲಿ ಪಂದ್ಯಾಟವನ್ನೇ ಗೆದ್ದ ಆ ತಂಡದ ಒಡೆಯರು ಸಾಲದಲ್ಲಿ ಮುಳುಗಿದರು. ೨೦೧೨ರ ಸೆಪ್ಟೆಂಬರದಲ್ಲಿ ಕ್ರಿಕೆಟ್ ಮಂಡಳಿಯು ಅವರ ಹಕ್ಕನ್ನು ರದ್ದುಪಡಿಸಿ, ಮರುತಿಂಗಳು ಆ ನಗರವನ್ನು ವರ್ಷಕ್ಕೆ ೮೫ ಕೋಟಿ ೫ ಲಕ್ಷ ರೂಪಾಯಿಗಳಂತೆ ಸನ್ ಟಿ.ವಿ.ಯವರಿಗೆ ವಹಿಸಿತು. ಆ ರದ್ದತಿಯು ಅನ್ಯಾಯವೆಂದು ೨೦೨೦ರಲ್ಲಿ ಪಂಚಾಯ್ತಿದಾರರು ೪,೮೦೦ ಕೋಟಿಗೂ ಮಿಕ್ಕ ಪರಿಹಾರವನ್ನು ವಿಧಿಸಿದರು. ೨೦೨೧ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಅಂತೂ ಗಡುವಿಲ್ಲದೆ ಮಾರುವವನಿಗೆ ಬಂಗಾರದ ಬೆಲೆ, ಗಡುವಿನೊಳಗೆ ಮಾರುವವನಿಗೆ ಸೀಸದ ಬೆಲೆ ಎಂಬ ಅಡಕೆಪೇಟೆಯ ನಿಯಮವು ಇಲ್ಲಿಯೂ ಪೂರ್ತಿ ಸತ್ತಿಲ್ಲ. ಸ್ಟರ್ಲಿಂಗನ ತಂಡವನ್ನು ಕೊಳ್ಳಲು ಪೈಪೋಟಿಯಿತ್ತು; ಫೋರ್ಸ್ ಇಂಡಿಯಾದ ಹೊಣೆ ಹೊತ್ತವರಿಗೆ ಸಮಯವಿರಲಿಲ್ಲ.

ಡಿಯಾಜಿಯೊದವರಿಗೆ ಸಮಯ ಧಾರಾಳವಾಗಿತ್ತು. ೨೦೨೫ರ ನವೆಂಬರ್ ೫ರಂದು, ಈ ತಂಡವು ತಮ್ಮ ಮೂಲ ವ್ಯಾಪಾರಕ್ಕೆ ಸೇರಿದ್ದಲ್ಲವಾದುದರಿಂದ ಅದರ ವಿಷಯವನ್ನು ಪುನರ್ವಿಮರ್ಶಿಸುವುದಾಗಿಯೂ, ೨೦೨೬ರ ಮಾರ್ಚಿ ೩೧ರೊಳಗೆ ಅದನ್ನು ಮುಗಿಸುವುದಾಗಿಯೂ ಅವರ ಇಲ್ಲಿನ ಕಂಪೆನಿಯು ಶೇರುಪೇಟೆಗೆ ತಿಳಿಸಿತು. ಮಾರುವೆವೆಂಬ ಮಾತಿಗೆ ದೊಡ್ಡವರ ಭಾಷೆಯಲ್ಲಿ ಪುನರ್ವಿಮರ್ಶೆಯೆಂದು ಹೆಸರು. ವರ್ತಮಾನಪತ್ರಗಳು ಒಡನೆಯೇ ೨೦೦ ಕೋಟಿ ಡಾಲರುಗಳ ಆಸುಪಾಸಿನ ಬೆಲೆಯನ್ನು ಎಣಿಸತೊಡಗಿದವು. ಡಾಲರಿನಲ್ಲಿ ಇದು ೧೮ ಪಟ್ಟು. ರೂಪಾಯಿಯಲ್ಲಿ ಲೆಕ್ಕಹಾಕಿದರೆ ೪೫೦ ಕೋಟಿಯದು ೧೭,೦೦೦ ಕೋಟಿಯನ್ನು ಮೀರುತ್ತದೆ.

ಇಷ್ಟು ಬೆಲೆ ಎಲ್ಲಿಂದ ಬಂತು? ಒಡೆಯನು ಇದರಲ್ಲಿ ಗಿಡ ನೆಟ್ಟನೆ, ಗೊಬ್ಬರ ಹಾಕಿದನೆ? ೨೦೦೮ರಲ್ಲಿ ಪಂದ್ಯಗಳನ್ನು ಬಿತ್ತರಿಸುವ ಹಕ್ಕು ಹತ್ತು ವರ್ಷಗಳಿಗೆ ಸುಮಾರು ನೂರು ಕೋಟಿ ಡಾಲರುಗಳಿಗೆ ಹೋಗಿತ್ತು. ೨೦೨೨ರಲ್ಲಿ ಮುಂದಿನ ಐದೇ ವರ್ಷಗಳ ಹಕ್ಕು ೪೮,೩೯೦ ಕೋಟಿ ರೂಪಾಯಿಗಳಿಗೆ ಹೋಯಿತು. ವರ್ಷಕ್ಕೆ ೯,೬೭೮ ಕೋಟಿ. ಅದರಲ್ಲಿ ಅರ್ಧವು ಹತ್ತು ತಂಡಗಳಿಗೆ ಹಂಚಿಕೆಯಾಗುವುದೆಂದು ಹಿಡಿದರೆ, ಚೆಂಡನ್ನು ಮುಟ್ಟುವ ಮೊದಲೇ ತಂಡವೊಂದಕ್ಕೆ ೪೫೦ ಕೋಟಿಗೂ ಮಿಕ್ಕ ವರಮಾನ. ಮಂಡಳಿಗೆ ಆದಾಯದ ಶೇಕಡಾ ೨೦ನ್ನು ಸಲ್ಲಿಸಬೇಕು, ನಿಜ. ಆದರೆ ಆಟಗಾರರಿಗೆ ತೆರಬಹುದಾದ ಹಣಕ್ಕೆ ಮಿತಿಯುಂಟು. ೨೦೨೫ರ ಪಂದ್ಯಾಟಕ್ಕೆ ಅದು ೧೨೦ ಕೋಟಿ. ಕಡೆಯ ಸ್ಥಾನಕ್ಕಿಳಿದರೂ ಕೂಟದಿಂದ ಹೊರದಬ್ಬುವವರಿಲ್ಲ. ಹೊಸ ತಂಡಗಳನ್ನು ಮಂಡಳಿಯು ಬೇಕೆಂದಾಗ ಮಾತ್ರ ಸೃಷ್ಟಿಸುತ್ತದೆ. ೨೦೨೧ರಲ್ಲಿ ಎರಡನ್ನು ಸೃಷ್ಟಿಸಿದಾಗ ಲಖನೌ ೭,೦೯೦ ಕೋಟಿಗೂ ಅಹಮದಾಬಾದು ೫,೬೨೫ ಕೋಟಿಗೂ ಹೋದವು. ಬರುವುದು ನಿಶ್ಚಿತ, ಹೋಗುವುದು ಪರಿಮಿತ, ಬೇಲಿಯೊಳಗೆ ಹತ್ತೇ ಮಂದಿ. ಪೇಟೆಯ ಭಾಷೆಯಲ್ಲಿ ಇದಕ್ಕೆ ಏಕಸ್ವಾಮ್ಯವೆಂದು ಹೆಸರು, ಸಾಹಸವೆಂದಲ್ಲ.

ಆದರೂ ಈ ಲೆಕ್ಕವು ಪೂರ್ತಿಯಾಗಲಿಲ್ಲ. ಹತ್ತು ತಂಡಗಳಿಗೂ ಸಮನಾದ ಈ ಸೌಕರ್ಯಗಳಿರಲು, ಹದಿನೇಳು ವರ್ಷ ಕಿರೀಟವನ್ನೇ ಕಾಣದ ಬೆಂಗಳೂರು ತಂಡವು ಬೆಲೆಯಲ್ಲಿ ಮುಂಚೂಣಿಯ ಪಂಕ್ತಿಗೆ ಬಂದುದು ಹೇಗೆ? ಇದಕ್ಕೆ ಉತ್ತರವು ಯಾವ ಕಂಪೆನಿಯ ಪುಸ್ತಕದಲ್ಲಿಯೂ ಇಲ್ಲ. ಸೋತ ವರ್ಷಗಳಲ್ಲಿಯೂ ಕೆಂಪಂಗಿ ತೊಟ್ಟು ರಾತ್ರಿಯ ಬಸ್ಸು ಹತ್ತಿ ಘಟ್ಟ ಏರಿದ ಹುಡುಗರಲ್ಲಿ ಅದು ಇದೆ. ಈ ಸಲ ಕಪ್ಪು ನಮ್ಮದೇ ಎಂದು ಪ್ರತಿವರ್ಷ ಹೇಳಿ ಪ್ರತಿವರ್ಷ ನಗೆಗೀಡಾಗಿ, ಆ ನಗೆಯನ್ನೂ ಪ್ರೀತಿಯಿಂದ ಹೊತ್ತ ಜನರಲ್ಲಿ ಇದೆ. ಪುತ್ತೂರಿನ ಪ್ರಶಾಂತ ರೈಯವರು ೨೦೧೮ರ ಕಬಡ್ಡಿಯ ಏಲಮಿನಲ್ಲಿ ೭೯ ಲಕ್ಷ ರೂಪಾಯಿಗೆ ಹೊರರಾಜ್ಯದ ತಂಡಕ್ಕೆ ಹೋದಾಗ ಊರವರು ಹಿಗ್ಗಿದರು. ಅಲ್ಲಿ ಬೆವರು ಯಾರದೋ ಹಣವೂ ಅವರದೇ ಆಗಿತ್ತು. ಇಲ್ಲಿ ಹಾಗಲ್ಲ.

ನಮ್ಮ ಜಿಲ್ಲೆಯವರಿಗೆ ಈ ಭೇದವನ್ನು ತಿಳಿಯಲು ಹಳೆಯದೊಂದು ಅಳತೆಗೋಲು ಕೈಯಲ್ಲೇ ಉಂಟು. ಮೂಲಗೇಣಿಯ ಒಕ್ಕಲು ಶಾಶ್ವತ, ಗೇಣಿಯು ನಿಶ್ಚಿತ. ಮೂಲದ ಒಡೆಯನು ಭೂಮಿಯನ್ನು ಯಾರಿಗೆ ಮಾರಿದರೂ ಒಕ್ಕಲಿನ ಹಕ್ಕು ಭೂಮಿಯ ಜೊತೆಯಲ್ಲೇ ನಡೆಯುತ್ತಿತ್ತು, ಕೊಂಡವನು ಅದಕ್ಕೆ ತಲೆಬಾಗಲೇಬೇಕಾಗಿತ್ತು. ಚಾಲಗೇಣಿಯವನ ಪಾಡು ಬೇರೆ. ಅವನು ಕುಮೇರಿಯನ್ನು ಕಡಿದು ತೋಟ ಮಾಡಿದರೂ, ಹೆಚ್ಚಿದ ಬೆಲೆ ಒಡೆಯನದು. ವರ್ಷ ತುಂಬಿದಾಗ ಹೊರಡೆಂದರೆ ಹೊರಡಬೇಕು. ೧೯೭೪ರ ಮಾರ್ಚಿ ೧ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಇದನ್ನು ಕೊನೆಗಾಣಿಸಿತು. ಡಿಕ್ಲರೇಶನು ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ಕೈಮುಗಿದು ನಿಂತ ಒಕ್ಕಲುಗಳ ಮೊಮ್ಮಕ್ಕಳೇ ಇಂದು ಈ ಪತ್ರಿಕೆಯ ವಾಚಕರಲ್ಲಿ ಅನೇಕರು. ಹೆಚ್ಚಿದ ಬೆಲೆಯಲ್ಲಿ ಹೆಚ್ಚಿಸಿದವನಿಗೆ ಏನೂ ಹಕ್ಕಿಲ್ಲವೆ ಎಂಬ ಪ್ರಶ್ನೆಗೆ ಕರ್ನಾಟಕವು ಅಂದೇ ಒಂದು ಉತ್ತರವನ್ನು ಕೊಟ್ಟಿದೆ. ಆಟದ ತಂಡದ ಅಭಿಮಾನಿಯು ಇಂದಿಗೂ ಚಾಲಗೇಣಿಯವನೇ.

ಕೇಳದೆ ಕೈಬದಲಾಯಿಸುವುದೆಂದರೇನೆಂಬುದೂ ಈ ಸೀಮೆಗೆ ಹೊಸತಲ್ಲ. ೧೮೩೪ರಲ್ಲಿ ಕಂಪೆನಿ ಸರಕಾರವು ಕೊಡಗನ್ನು ನುಂಗಿ, ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಅದರಿಂದ ಕಡಿದು ಕೆನರಾ ಜಿಲ್ಲೆಗೆ ಅಂಟಿಸಿತು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದರು. ೧೮೩೭ರಲ್ಲಿ ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರು ಎದ್ದುದಕ್ಕೆ ಇದೂ ಒಂದು ಕಾರಣ. ಚೆಂಡಾಟವನ್ನು ಆ ಬಲಿದಾನದ ತಕ್ಕಡಿಯಲ್ಲಿಟ್ಟು ತೂಗುವ ಅವಿವೇಕ ನಮಗಿಲ್ಲ. ಜನರನ್ನು ಲೆಕ್ಕದ ಪುಸ್ತಕದ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಬರೆದುಬಿಡುವ ಮನೋಭಾವವು ಲಂಡನ್ನಿಗೆ ಹಳೆಯದೆಂದು ಮಾತ್ರ ಹೇಳುತ್ತೇವೆ. ನಗರದ ಹೆಸರು ೨೦೧೪ರ ನವೆಂಬರ್ ೧ರಂದೇ ಸರಕಾರಿ ಕಾಗದದಲ್ಲಿ ಬೆಂಗಳೂರು ಎಂದಾಗಿದ್ದರೂ, ತಂಡದ ಇಂಗ್ಲಿಷ್ ಹೆಸರಿನಲ್ಲಿ ಅದು ಬೆಂಗಳೂರಾಗಲು ೨೦೨೪ರ ಮಾರ್ಚಿಯ ತನಕ ಕಾಯಬೇಕಾಯಿತು. ನಮ್ಮ ರಾಜಧಾನಿಯ ಹೆಸರನ್ನು ಹೇಗೆ ಬರೆಯಬೇಕೆಂಬುದಕ್ಕೆ ಕಂಪೆನಿಯ ಅನುಗ್ರಹ ಬೇಕಾಯಿತು!

ಈಗ ಎಲ್ಲಕ್ಕಿಂತ ಕಠೋರವಾದ ಮಾತಿಗೆ ಬರಬೇಕಾಗಿದೆ. ೨೦೨೫ರ ಜೂನ್ ೩ರ ರಾತ್ರಿ ತಂಡವು ಅಹಮದಾಬಾದಿನಲ್ಲಿ ಪಂಜಾಬನ್ನು ೬ ಓಟಗಳಿಂದ ಸೋಲಿಸಿ ಮೊದಲ ಸಲ ಗೆದ್ದಿತು. ಕನ್ನಡನಾಡಿನ ಊರೂರುಗಳಲ್ಲಿ ಪಟಾಕಿ ಸಿಡಿಯಿತು. ಮರುದಿನವೇ ವಿಜಯೋತ್ಸವವೆಂದರು. ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಾಗಿ ೧೧ ಮಂದಿ ಸತ್ತರು; ಬಹುಮಂದಿ ಎಳೆಯರು. ಆ ಮೇಲೆ ತಂಡದವರು ಸರಕಾರದ ಕಡೆಗೂ, ಸರಕಾರದವರು ತಂಡದ ಕಡೆಗೂ, ಎಲ್ಲರೂ ಪೋಲೀಸರ ಕಡೆಗೂ ಬೆರಳು ತೋರಿಸಿದುದನ್ನು ನಾಡು ಕಂಡಿತು. ಜನರನ್ನು ಅಲ್ಲಿ ಕೂಡಿಸಿದ ಹೊಣೆ ಮೇಲ್ನೋಟಕ್ಕೆ ತಂಡದ್ದೆಂದು ಕೇಂದ್ರ ಆಡಳಿತ ನ್ಯಾಯಮಂಡಳಿಯು ಜುಲಾಯಿಯಲ್ಲಿ ಅಭಿಪ್ರಾಯಪಟ್ಟಿತು. ನ್ಯಾಯಮೂರ್ತಿ ಮೈಕೇಲ್ ಕುನ್ಹಾರವರ ಆಯೋಗವು ಅಂತಹ ಜನಸಂದಣಿಗೆ ಆ ಕ್ರೀಡಾಂಗಣದ ಕಟ್ಟೋಣವೇ ತಕ್ಕದ್ದಲ್ಲವೆಂದಿತು. ಆಗಸ್ಟಿನಲ್ಲಿ ತಂಡದವರು ಸತ್ತವರ ಕುಟುಂಬಗಳಿಗೆ ತಲಾ ೨೫ ಲಕ್ಷ ರೂಪಾಯಿ ಕೊಡುವುದಾಗಿ ಸಾರಿದರು. ಸಾರಿದ ಪರಿಹಾರವನ್ನೆಲ್ಲ ಕೂಡಿಸಿದರೆ ೨ ಕೋಟಿ ೭೫ ಲಕ್ಷ. ೧೭,೦೦೦ ಕೋಟಿಯ ಪಕ್ಕದಲ್ಲಿ ಈ ಅಂಕಿಯನ್ನು ಬರೆದಿಡುವುದಕ್ಕಿಂತ ಹೆಚ್ಚಿನ ಟೀಕೆ ನಮಗೆ ತೋಚುವುದಿಲ್ಲ. ಐದೇ ತಿಂಗಳು ಕಳೆಯಿತು; ಇದು ನಮ್ಮ ಮೂಲ ವ್ಯಾಪಾರವಲ್ಲವೆಂಬ ಪ್ರಕಟಣೆ ಹೊರಟಿತು.

ಕಾನೂನನ್ನು ಬಲ್ಲ ಮಿತ್ರರು ಇಲ್ಲೊಂದು ಸಮಾಧಾನ ಹೇಳಬಹುದು: ಶೇರುಗಳನ್ನು ಮಾರಿದರೆ ಕಂಪೆನಿಯು ಕಂಪೆನಿಯಾಗಿಯೇ ಉಳಿಯುವುದರಿಂದ ಅದರ ಮೇಲಿನ ದಾವೆಗಳೂ ಉಳಿಯುತ್ತವೆಂದು. ದಿಟ. ಆದರೆ ಆಸ್ತಿಯನ್ನು ಮಾತ್ರ ಕಿತ್ತು ಹೊಸ ಹೆಸರಿಗೆ ಸೇರಿಸಿದರೆ ಹಳೆಯ ಅಂಕಗಳು ಅಳಿದುಹೋಗುವುದನ್ನು ಫೋರ್ಸ್ ಇಂಡಿಯಾದಲ್ಲಿ ಕಂಡೆವು. ಅಂಕ ಅಳಿಯುವ ದಾರಿಯಲ್ಲಿ ಹೊಣೆಯೂ ಅಳಿಯಬಹುದು.

ಬಂಡವಾಳಗಾರರ ವಾದವನ್ನು ನಾವು ಕೇಳದೆ ಇಲ್ಲ. ೨೦೦೮ರಲ್ಲಿ ಈ ಪಂದ್ಯಾಟ ನಿಲ್ಲುವುದೋ ಬೀಳುವುದೋ ಯಾರಿಗೂ ತಿಳಿದಿರಲಿಲ್ಲ. ಕೊಚ್ಚಿಯ ತಂಡವು ಒಂದೇ ವರ್ಷಕ್ಕೆ, ಪುಣೆಯದು ಮೂರೇ ವರ್ಷಕ್ಕೆ ಮುಗಿದವು. ನಷ್ಟವನ್ನು ಹೊರಲು ಸಿದ್ಧನಾದವನಿಗೆ ಲಾಭವೂ ಸಲ್ಲತಕ್ಕದ್ದೇ. ಇದಕ್ಕೆ ನಮ್ಮ ತಕರಾರಿಲ್ಲ. ಆದರೆ ಮಲ್ಯರ ಸಾಹಸದ ನಷ್ಟವನ್ನು ಹೊತ್ತವರು ಬ್ಯಾಂಕಿನ ಠೇವಣಿದಾರರು. ಅವರ ಆಸ್ತಿಗಳನ್ನು ಮಾರಿ ೧೪,೧೩೧ ಕೋಟಿಯನ್ನು ಸರಕಾರಿ ಬ್ಯಾಂಕುಗಳಿಗೆ ಮರಳಿಸಲಾಗಿದೆಯೆಂದು ಅರ್ಥಸಚಿವರು ೨೦೨೪ರ ದಶಂಬರದಲ್ಲಿ ಪಾರ್ಲಿಮೆಂಟಿನಲ್ಲಿ ಹೇಳಿದರು. ತೀರ್ಪಿನ ಸಾಲಕ್ಕಿಂತ ಹೆಚ್ಚಾಗಿ ಕಿತ್ತುಕೊಂಡರೆಂದು ಮಲ್ಯರು ಲಂಡನ್ನಿನಿಂದ ಗೋಳಿಡುತ್ತಿದ್ದಾರೆ. ಯಾರ ಲೆಕ್ಕ ಸರಿಯಾದರೂ, ಅವರ ಅತ್ಯಂತ ಬೆಳೆದ ಆಸ್ತಿಯು ಆ ಲೆಕ್ಕದ ಹೊರಗೆ, ಡಿಯಾಜಿಯೊದವರ ಮಡಿಲಲ್ಲಿ ಬೆಳೆಯಿತು. ಕಳೆದುಕೊಂಡ ಮಲ್ಯರಿಗೂ ಅದು ದಕ್ಕಲಿಲ್ಲ, ಸಾಲಕೊಟ್ಟವರಿಗೂ ದಕ್ಕಲಿಲ್ಲ.

ಬೇರೆ ದಾರಿಗಳಿಲ್ಲವೆಂದು ಯಾರೂ ಹೇಳುವಂತಿಲ್ಲ. ಜರ್ಮನಿಯ ಕಾಲ್ಚೆಂಡಿನ ಕೂಟದಲ್ಲಿ ಅರ್ಧಕ್ಕಿಂತ ಒಂದು ಹೆಚ್ಚಿನ ಮತವು ಸದಸ್ಯರ ಸಂಘದ ಕೈಯಲ್ಲೇ ಇರಬೇಕೆಂಬುದು ಸಾಮಾನ್ಯ ನಿಯಮ. ಇಂಗ್ಲೆಂಡಿನಲ್ಲಿ ೨೦೨೫ರಲ್ಲಿ ಆದ ಶಾಸನವು ಕಾಲ್ಚೆಂಡಿಗೆ ಸ್ವತಂತ್ರ ನಿಯಂತ್ರಕನನ್ನು ನೇಮಿಸಿ, ಒಡೆಯನಾಗ ಬರುವವನ ಯೋಗ್ಯತೆಯನ್ನು ಪರೀಕ್ಷಿಸುವ ಅಧಿಕಾರವನ್ನು ಕೊಟ್ಟಿದೆ. ಹೆಸರು, ಲಾಂಛನಗಳಂತಹ ಪರಂಪರೆಯ ವಿಷಯಗಳಲ್ಲಿ ಅಭಿಮಾನಿಗಳ ಮಾತನ್ನು ಕೇಳಬೇಕೆಂದಿದೆ. ಅದೇ ೨೦೨೫ರಲ್ಲಿ ನಮ್ಮ ಪಾರ್ಲಿಮೆಂಟೂ ಕ್ರೀಡಾ ಆಡಳಿತದ ಶಾಸನವೊಂದನ್ನು ಮಾಡಿತು. ಅದು ಒಕ್ಕೂಟಗಳ ಚುನಾವಣೆ, ನ್ಯಾಯಮಂಡಳಿಗಳ ಗೊಡವೆಯಲ್ಲಿದೆ; ಊರಿನ ಹೆಸರನ್ನು ಹೊತ್ತ ತಂಡವನ್ನು ಯಾರು ಯಾರಿಗೆ ಮಾರಬಹುದೆಂಬ ಪ್ರಶ್ನೆ ಅದಕ್ಕೆ ತಟ್ಟಿಲ್ಲ. ದೂರ ಹೋಗಬೇಕಾಗಿಯೂ ಇಲ್ಲ. ಅಡಕೆಯ ಧಾರಣೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರು ೧೯೭೩ರಲ್ಲಿ ಕ್ಯಾಂಪ್ಕೊವನ್ನು ಕಟ್ಟಿದರು; ೧೯೮೬ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟಿನ ಕಾರ್ಖಾನೆ ಎದ್ದಿತು. ಆ ಕಾರ್ಖಾನೆಯನ್ನು ಲಂಡನ್ನಿನ ಯಾವ ಕಂಪೆನಿಯೂ ಸದಸ್ಯರನ್ನು ಕೇಳದೆ ಜೇಬಿಗೆ ಹಾಕಿಕೊಳ್ಳಲಾರದು. ಮಹಾಲಿಂಗೇಶ್ವರನ ಸನ್ನಿಧಿಯಲ್ಲಿ ಕೋಟಿ ಚೆನ್ನಯರ ಹೆಸರಿನ ಕಂಬಳ ನಡೆಯುವಾಗಲೂ ಕೋಣಗಳು ಅವರವರ ಯಜಮಾನರವು, ಮಾರಬಹುದು, ಕೊಳ್ಳಬಹುದು. ದೇವರಮಾರು ಗದ್ದೆಯನ್ನು ಏಲಂ ಹಾಕುವ ಯೋಚನೆ ಯಾರ ತಲೆಗೂ ಬಂದಿಲ್ಲ. ಬೆಂಗಳೂರೆಂಬ ಹೆಸರು ಕೋಣವೋ ಗದ್ದೆಯೋ?

ಹದಿನೇಳು ಸಾವಿರ ಕೋಟಿಯನ್ನು ಚಂದಾ ಎತ್ತಿ ಕೊಳ್ಳೋಣವೆಂಬ ಹುಚ್ಚು ಸಲಹೆಯನ್ನು ನಾವು ಕೊಡುವುದಿಲ್ಲ. ತಂಡವು ಯಾರ ಹೆಸರಿನಲ್ಲಾದರೂ ಇರಲಿ. ಮೂಲಗೇಣಿಯ ಒಕ್ಕಲಿಗೆ ಇದ್ದಷ್ಟು ಹಕ್ಕು ಊರಿಗೆ ಇರಲಿ. ಹೆಸರನ್ನೂ ಆಡುವ ನೆಲವನ್ನೂ ಊರನ್ನು ಕೇಳದೆ ಬದಲಾಯಿಸತಕ್ಕದ್ದಲ್ಲ. ಪ್ರತಿಯೊಂದು ಮಾರಾಟದಲ್ಲಿಯೂ ಹೆಚ್ಚಳದ ಒಂದು ಸಣ್ಣ ಪಾಲು ಜಿಲ್ಲೆಗಳ ಆಟದ ಬಯಲುಗಳಿಗೆ ಬರತಕ್ಕದ್ದು. ಕಡಬದಂತಹ ಹೊಸ ತಾಲೂಕಿನ ಮಕ್ಕಳಿಗೂ ಆಡಲು ಬಯಲು ಬೇಕು. ಇದಕ್ಕೆ ಕೇಂದ್ರದ ಶಾಸನ ಬೇಕಾದೀತು, ಕಾಲವೂ ಹಿಡಿದೀತು. ರಾಜ್ಯಸರಕಾರವು ೨೦೨೫ರ ಆಗಸ್ಟಿನಲ್ಲಿ ವಿಧಾನಮಂಡಲದ ಮುಂದಿಟ್ಟ ಜನಸಂದಣಿಯ ಮಸೂದೆಯು ಸದನಸಮಿತಿಗೆ ಹೋಯಿತು. ಆದರೆ ಪಂದ್ಯಕ್ಕೂ ಮೆರವಣಿಗೆಗೂ ಪೋಲೀಸು ಬಂದೋಬಸ್ತನ್ನು ಬೇಡುವ ಅರ್ಜಿಯು ಸರಕಾರದ ಮೇಜಿಗೇ ಬರಬೇಕಷ್ಟೆ? ಆ ಅರ್ಜಿಯಲ್ಲಿ ಕಂಪೆನಿಯ ಮುದ್ರೆಯೊಂದಿದ್ದರೆ ಸಾಲದು. ಎಷ್ಟು ಜನರನ್ನು ಕರೆದಿದ್ದೇವೆ, ಎಷ್ಟು ಬಾಗಿಲು ತೆರೆಯುತ್ತೇವೆ, ತಪ್ಪಿದರೆ ಉತ್ತರ ಹೇಳುವ ವ್ಯಕ್ತಿ ಯಾರು ಎಂಬುದನ್ನು ಒಡೆಯನೇ ತನ್ನ ಹೆಸರು, ವಿಳಾಸಗಳ ಸಹಿತ ಬರೆದು ರುಜು ಹಾಕಿದ ಹೊರತು ಅನುಮತಿ ಕೊಡಕೂಡದು. ಮರುದಿನ ತಂಡವನ್ನು ಮಾರಿದರೂ ಆ ರುಜು ಮಾರಿಹೋಗತಕ್ಕದ್ದಲ್ಲ. ಈ ಒಂದು ಕ್ರಮಕ್ಕೆ ದಿಲ್ಲಿಯ ಕಡೆ ನೋಡಬೇಕಾದ ಅಗತ್ಯವಿಲ್ಲ.